ಮೇ ತಿಂಗಳಲ್ಲಿ ಎಳೆದು ನೋಡಿದ ಕಂಬಗಳು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವಳು ಹೇಳುವುದು ಸುಳ್ಳಲ್ಲ. ಆದರೆ ಆ ಮಳೆಗಾಲದಲ್ಲಿ, ಕೋಪ ಬರಲೇಬೇಕಿದ್ದ ಜಾಗದಲ್ಲಿ, ನನಗೆ ಬಂದದ್ದು ಹೆದರಿಕೆ.

ಮರಾಠಿ ಸೀಮೆಯ ರಬಾಳೆಯ ಆಫೀಸಿನಲ್ಲಿ ಕೂತು ಸೋಲಾರ್ ಪಾರ್ಕುಗಳ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ಪ್ಯಾನೆಲ್ ಹೊರುವ ಕಬ್ಬಿಣದ ಕಂಬ ನೆಲದೊಳಗೆ ಎಷ್ಟು ಆಳ ಹೋಗಬೇಕೆಂದು ನಾನು ಬರೆಯುತ್ತೇನೆ, ಊರುವವರು ಸೈಟಿನವರು. ಆ ಸಲದ ಸೈಟು ಕಲ್ಯಾಣ್ ಪಟ್ಟಣದಿಂದಾಚೆ, ಕಪ್ಪು ಮಣ್ಣಿನ ಬಯಲಿನಲ್ಲಿ. ಅಲ್ಲಿನ ಸೂಪರ್‌ವೈಸರ್ ನಮ್ಮ ಉಡುಪಿ ಕಡೆಯವರೇ, ನನಗಿಂತ ತುಂಬ ಹಿರಿಯರು. ರಾಜಸ್ಥಾನದ ಮರಳು, ತುಮಕೂರು ಕಡೆಯ ಬಂಡೆ ಎಲ್ಲ ಕಂಡವರು. ಊಟಕ್ಕೆ ಪಕ್ಕದ ಶಹಾಡಿನ ಸ್ವಂತ ಮನೆಗೆ ಹೋಗಬಹುದಾದ ಮೊದಲ ಸೈಟು ಇದೆಂದು ಹಿಗ್ಗಿದ್ದರು. ಅಷ್ಟು ವರ್ಷ ಅವರ ಹೆಂಡತಿ ಒಬ್ಬರೇ ಉಂಡವರು.

ಮೇ ತಿಂಗಳಲ್ಲಿ ಕೆಲವು ಕಂಬ ಊರಿ, ಚೈನ್ ಬ್ಲಾಕ್ ಎಂಬ ಸರಪಳಿ ರಾಟೆಗೆ ಎಳೆತ ಅಳೆಯುವ ಮೀಟರು ಕಟ್ಟಿ ಮೇಲಕ್ಕೆಳೆದು ನೋಡಿದೆವು. ಬಿಸಿಲಿಗೆ ನೆಲ ಕಲ್ಲಾಗಿತ್ತು, ಒಂದೂ ಅಲುಗಲಿಲ್ಲ. ಮಳೆಗೆ ಮೊದಲು ಮುಗಿಸುವ ಅವಸರದಲ್ಲಿ ನಾನು ಆಳವನ್ನು ಒಂದಡಿ ಕಡಿಮೆ ಮಾಡಿದೆ. ಚಹಾ ಕುಡಿಯುವಾಗ ಅವರು, ಈ ಮಣ್ಣನ್ನು ಬೇಸಿಗೆಯಲ್ಲಿ ನಂಬಬಾರದು, ನಾಲ್ಕು ಮಳೆ ಬಿದ್ದ ಮೇಲೆ ಇನ್ನೊಮ್ಮೆ ಎಳೆದು ನೋಡುವ ಎಂದರು. ಮೀಟರು ಸುಳ್ಳು ಹೇಳುತ್ತದೆಯೇ ಎಂದು ನಾನು ಸಿಡುಕಿದೆ. ಬೇರೆ ಯಾರಾದರೂ ಆಗಿದ್ದರೆ ಮೇಲ್ ಹಾಕಿ ಹತ್ತು ಜನರಿಗೆ ಕಾಪಿ ಕಳಿಸುತ್ತಿದ್ದರು. ಊರಿನವನ ಮೇಲೆ ಊರಿನವರು ಹಾಗೆ ಬರೆಯುವುದಿಲ್ಲ. ಬಾಯಿಮಾತಿನಲ್ಲಿ ಹೇಳಿ, ಕೇಳದಿದ್ದರೆ ಸುಮ್ಮನಾಗುತ್ತಾರೆ. ಅವರೂ ಸುಮ್ಮನಾಗಿ ಪರೀಕ್ಷೆಯ ಹಾಳೆಗೆ ಸಹಿ ಹಾಕಿದರು.

ಜುಲೈಯಲ್ಲಿ ನಾಲ್ಕು ಸಾಲು ಪ್ಯಾನೆಲ್ ವಾಲಿಕೊಂಡವು. ನೆನೆದ ಮಣ್ಣು ಕಂಬಗಳನ್ನು ಸಡಿಲ ಬಿಟ್ಟಿತ್ತು.

ಮೀಟಿಂಗಿನಲ್ಲಿ ಸೂಪರ್‌ವೈಸರ್ ನನ್ನೆದುರಿಗೇ ಕೂತಿದ್ದರು. ಸೈಟಿನಿಂದ ಮೊದಲೇ ಯಾರಾದರೂ ಎಚ್ಚರಿಸಿದ್ದರೇ ಎಂದು ಡೈರೆಕ್ಟರು ನನ್ನನ್ನು ಕೇಳಿದರು. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ, ರೆಕಾರ್ಡಿನಲ್ಲಿ ಏನೂ ಇಲ್ಲ ಎಂದು ಹಿಂದಿಯಲ್ಲಿ ಹೇಳಿದೆ. ಅದು ಸುಳ್ಳಲ್ಲ, ಅದಕ್ಕೇ ನನಗೆ ಇನ್ನೂ ಅಸಹ್ಯ. ಅವರು ಬಾಯಿ ಬಿಡಲಿಲ್ಲ. ಸಹಿ ಅವರದಿತ್ತಲ್ಲ, ವಾರದೊಳಗೆ ಅವರನ್ನು ಮತ್ತೆ ರಾಜಸ್ಥಾನಕ್ಕೆ ಹಾಕಿದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಅವರು.

ಹೊರಡುವ ದಿನ ಕಲ್ಯಾಣ್ ಸ್ಟೇಷನ್ನಿಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಕ್ಷಮೆ ಕೇಳಬೇಕೆಂದೇ ಹೋಗಿದ್ದವನು, ನೀವು ಅವತ್ತು ಒಂದು ಮೇಲ್ ಹಾಕಿಬಿಡಬೇಕಿತ್ತು ಎಂದುಬಿಟ್ಟೆ. ನಾಲಿಗೆಗೆ ನಾಚಿಕೆಯಿಲ್ಲ.

"ಹಾಕಿದ್ರೆ ನಿಮ್ಮ ಕೆಲ್ಸ ಹೋಗ್ತಿತ್ತು ಮಾರಾಯ್ರೇ," ಎಂದರು ಅವರು. "ನಿಮ್ಮ ಮಗು ಆಗಷ್ಟೇ ಹುಟ್ಟಿದ್ದಲ್ವಾ."

ಗಂಡ ಮೊದಲೇ ಎಚ್ಚರಿಸಿದ್ದರು, ನನಗಾಗಿ ಅದನ್ನು ಮುಚ್ಚಿಟ್ಟರು ಎಂಬುದು ಅವರ ಹೆಂಡತಿಗೆ ಗೊತ್ತಿರಲಿಲ್ಲವೆಂದು ತೋರುತ್ತದೆ. ಇನ್ನು ಮತ್ತೆ ಒಬ್ಬರೇ ಉಣ್ಣಬೇಕಿದ್ದ ಅವರು ಒಮ್ಮೆ ಗಂಡನನ್ನು, ಒಮ್ಮೆ ನನ್ನನ್ನು ನೋಡಿದರು.