ಬೆರಳು ತಾಕಿದ್ದಕ್ಕೆ ಬಸುರಿಯಾದೆನೆಂದು ಹೆದರಿದ್ದೆ

ಇವತ್ತು ಪಕ್ಕದ ಮನೆಯಲ್ಲಿ ಎಳ್ಳು ಹುರಿದು ಬೆಲ್ಲದ ಜೊತೆ ಕುಟ್ಟುತ್ತಿದ್ದರು. ಅವರ ಹುಡುಗಿ ದೊಡ್ಡವಳಾಗಿದ್ದಾಳೆ. ಆ ವಾಸನೆಗೆ ಅಗ್ರಹಾರದ ನಮ್ಮ ಹಳೇ ಮನೆ ನೆನಪಾಯಿತು.

ನಾನು ಮೈನೆರೆದಾಗ ಅಜ್ಜಿ ಇದೇ ಚಿಗಳಿ ಉಂಡೆಯನ್ನು ಕೈಗಿಟ್ಟು, "ಇನ್ಮೇಲೆ ಗಂಡುಹುಡುಗ್ರನ್ನ ಮುಟ್ಬೇಡ, ಬಸುರಿ ಆಗ್ಬುಡ್ತೀಯ" ಎಂದಿದ್ದರು. ಮುಂದಿನ ತಿಂಗಳು ಮುಟ್ಟು ಬರಲಿಲ್ಲ. ಶಾಲೆಯಲ್ಲಿ ರಬ್ಬರ್ ಕೊಡುವಾಗ ಒಬ್ಬ ಹುಡುಗನ ಬೆರಳು ತಾಕಿದ್ದು ನೆನಪಾಗಿ ನನಗೆ ಅನ್ನವೇ ಸೇರದಾಯಿತು. ಬಚ್ಚಲಿಗೆ ಹೋದಾಗಲೆಲ್ಲ ಹೊಟ್ಟೆ ಸವರಿ ನೋಡಿಕೊಳ್ಳುತ್ತಿದ್ದೆ.

ಕೊನೆಗೆ ಅಮ್ಮನೇ ಕೂರಿಸಿಕೊಂಡು ಕೇಳಿದಳು. ಅಳುತ್ತಾ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು, "ಮೊದಮೊದಲು ಮುಟ್ಟು ಹಿಂದೆಮುಂದೆ ಆಗುತ್ತೆ ಕಣೆ. ಕೈ ತಾಕಿದ್ರೆ ಯಾರೂ ಬಸುರಿ ಆಗಲ್ಲ" ಎಂದಳು. ಗಂಡು ಹೆಣ್ಣು ಸೇರುವುದು, ಗರ್ಭಕೋಶದಲ್ಲಿ ಕೂಸು ಬೆಳೆಯುವುದು, ಹುಟ್ಟುವುದು, ಎಲ್ಲವನ್ನೂ ತಡವರಿಸುತ್ತಲೇ ತಿಳಿಸಿದಳು.

"ನಿಂಗೆ ಯಾರಮ್ಮ ಹೇಳಿದ್ರು?" ಎಂದೆ.

"ಯಾರೂ ಇಲ್ಲ. ಹೆರಿಗೆ ನೋವು ಬಂದಾಗ್ಲೂ, ನೀನು ಎಲ್ಲಿಂದ ಹೊರಗೆ ಬರ್ತೀಯ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದಳು ಅಮ್ಮ.

ಸಂಜೆ ಹೂ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಹುಡುಗಿ ಹೊಸ ಲಂಗದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲೇ ಕೂತು ಮೆಲ್ಲಗೆ ಕೇಳಿದೆ: "ಏನಾದ್ರೂ ಹೆದರಿಕೆ ಇದೆಯಾ ಪುಟ್ಟಿ?"