ಗುಂಡುಸೂಜಿ ಚುಚ್ಚಿದ ಹಾಳೆಗಳು

ಓದಲು ಕೊಟ್ಟಿದ್ದ ಮೊದಲ ಕಥೆ ಟೈಲರಕ್ಕನಿಂದ ವಾಪಸ್ ಕೈಗೆ ಬಂದಾಗ ಅದರ ಹಾಳೆಗಳ ಅಂಚಿನಲ್ಲಿ ಮೂವತ್ತೊಂದು ಗುಂಡುಸೂಜಿಗಳಿದ್ದವು. ಒಂದೊಂದು ಸೂಜಿಯೂ ಅಕ್ಕ ಮೆಚ್ಚಿ ತಲೆದೂಗಿದ ಜಾಗ ಎಂದು ತಾನೇ ತೀರ್ಮಾನಿಸಿದ ಗೋದಾಮಿನ ಗುಮಾಸ್ತ, ಅವನ್ನು ತಂಗಿಯ ಮುಂದೆ ಜಂಬದಿಂದ ಹರಡಿಟ್ಟ. ಅವಳು ಬೆರಳಿಗೆ ಚುಚ್ಚಿಸಿಕೊಂಡು, "ಅಣ್ಣಾ, ಪ್ಯಾಂಟಿಗೆ ಸೂಜಿ ಹಾಕೋದು ಚೆನ್ನಾಗಿದೆ ಅಂತಲ್ಲ, ಅಲ್ಲಿ ಸರಿ ಮಾಡ್ಬೇಕು ಅಂತ" ಎಂದಳು. ಆ ವಾರವೆಲ್ಲ ಗುಮಾಸ್ತ ಗೋದಾಮಿನ ಪೆಟ್ಟಿಗೆಗಳಿಗೆ ತಪ್ಪು ಚೀಟಿ ಅಂಟಿಸಿದ್ದೇ ಅಂಟಿಸಿದ್ದು.

ಅಕ್ಕನದು ಬಟ್ಟೆಯನ್ನು ಬಿಗಿ, ಸಡಿಲ ಮಾಡಿಕೊಡುವ ಸಣ್ಣ ಅಂಗಡಿ. ಭಾನುವಾರ ಮಧ್ಯಾಹ್ನ ಅರ್ಧ ಬಾಗಿಲು ಎಳೆದು ಮೂವರು ಕಥೆಗಾರರು ಅಲ್ಲಿ ಸೇರುತ್ತಿದ್ದರು: ಅಕ್ಕ, ಗುಮಾಸ್ತ, ಆಸ್ಪತ್ರೆಯ ಒಬ್ಬ ನರ್ಸಮ್ಮ. ತಲೆಯ ಮೇಲೆ ಯಾರ್ಯಾರದೋ ಪ್ಯಾಂಟುಗಳು ತೂಗಾಡುತ್ತಿದ್ದವು.

ಬೇರೆಯವರ ಕಥೆಗಳನ್ನು ಅಕ್ಕ ಓದುತ್ತಿದ್ದುದು ಹೊಲಿಗೆ ಯಂತ್ರದ ಮುಂದೆಯೇ. ಕಥೆ ಹಿಡಿದಿಟ್ಟರೆ ಕಾಲು ತೆಪ್ಪಗಿರುತ್ತಿತ್ತು. ಬೇಜಾರಾದರೆ ಅದು ತಾನಾಗಿ ಯಂತ್ರ ತುಳಿಯಲು ಶುರುಮಾಡುತ್ತಿತ್ತು. ಆ ಸಾಲಿನ ಪಕ್ಕಕ್ಕೆ ಒಂದು ಸೂಜಿ. ಅದೂ ಅಂಚಿನಲ್ಲಿ ಮಾತ್ರ. ಇನ್ನೊಬ್ಬರ ಅಕ್ಷರಕ್ಕೆ ತೂತು ಬೀಳಬಾರದು. ಎಲ್ಲಿ ಕೆಟ್ಟಿದೆಯೆಂದು ತೋರಿಸುತ್ತಿದ್ದರೇ ಹೊರತು ಹೀಗೆ ಬರಿ ಎಂದು ಒಂದು ದಿನವೂ ಹೇಳಿದವರಲ್ಲ.

ಆ ವರ್ಷ ಪತ್ರಿಕೆಯೊಂದರ ಕಥಾಸ್ಪರ್ಧೆಗೆ ಸೋಮವಾರ ಕೊನೆಯ ದಿನ. ಗುಮಾಸ್ತನಿಗೆ ಅದೇ ಮೊದಲು. ಅಕ್ಕ ಆರು ವರ್ಷ ಕಳಿಸಿ, ಆರು ಸಲವೂ ವಾಪಸ್ ತರಿಸಿಕೊಂಡಿದ್ದರು. ಅವರಿಗೆ ಇದು ಏಳನೆಯದು. ಇದೂ ವಾಪಸ್ ಬಂದರೆ ಬರೆಯುವುದನ್ನೇ ಬಿಡುತ್ತೇನೆ ಎಂದಿದ್ದರು.

ಗುಮಾಸ್ತ ಕಥೆಯನ್ನು ನಾಲ್ಕು ಸಲ ತಿದ್ದಿದ. ಸೂರ್ಯ ಮುಳುಗುವ ಹದಿನೈದು ಸಾಲು ಮಾತ್ರ ಅವನಿಗೆ ಪ್ರಾಣ. ಮೊದಲ ಪುಟದಲ್ಲಿ ಸೂಜಿ ಬಿದ್ದಾಗ ಅದನ್ನು ಮೂರನೆಯದಕ್ಕೆ ಸಾಗಿಸಿದ, ಅಲ್ಲಿಂದ ಏಳನೆಯದಕ್ಕೆ. ಸೂಜಿ ಬೆನ್ನು ಬಿಡಲಿಲ್ಲ. ಕೊನೆಗೆ ಹಲ್ಲು ಕಚ್ಚಿ ಸೂರ್ಯನನ್ನು ಪೂರ್ತಿ ಮುಳುಗಿಸಿದ.

ಕೊನೆಯ ಭಾನುವಾರ ಅಕ್ಕನ ಕಾಲು ಅಲ್ಲಾಡಲಿಲ್ಲ. ಹಾಳೆಗಳು ಒಂದೂ ಸೂಜಿಯಿಲ್ಲದೆ ಬಂದವು. "ಕಳಿಸು" ಎಂದರು, ಅಷ್ಟೇ. ಆಮೇಲೆ ಅವರು ತಮ್ಮ ಕಥೆಯನ್ನು ಗಟ್ಟಿಯಾಗಿ ಓದಿದರು. ನಡುವೆ ಎಲ್ಲೋ ಅದು ಬೇಜಾರು ಹಿಡಿಸತೊಡಗಿತು. ಮುಗಿದಾಗ ನರ್ಸಮ್ಮ ಚೆನ್ನಾಗಿದೆ ಎಂದರು. ಗುಮಾಸ್ತ, ಋಣದ ಭಾರಕ್ಕೋ ಏನೋ, ಇನ್ನೂ ಜೋರಾಗಿ ತುಂಬಾ ಚೆನ್ನಾಗಿದೆ ಎಂದ. ಅಕ್ಕ ಹಾಳೆಗಳನ್ನು ಮಡಚಿ ಲಕೋಟೆಗೆ ಹಾಕತೊಡಗಿದರು.

ತನ್ನ ಕಥೆ ಪಾಸಾದ ಖುಷಿಯಲ್ಲಿ ಗುಮಾಸ್ತನ ನಾಲಿಗೆ ಹಿಡಿತ ತಪ್ಪಿತು. "ಅಕ್ಕಾ, ನಮ್ಮೆಲ್ಲರ ಕಥೆ ಸರಿ ಮಾಡಿಸ್ತೀರ. ನಿಮ್ಮದು ಯಾಕೆ ಒಂದೂ ಅಚ್ಚಾಗಿಲ್ಲ?"

ನರ್ಸಮ್ಮ ಮೇಜಿನ ಕೆಳಗೆ ಅವನ ಕಾಲು ತುಳಿದರು. ಅಕ್ಕ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ನಾನು ಓದ್ತಿದ್ದಾಗ ನೀನು ಮೇಲೆ ನೋಡ್ಕೊಂಡು ಪ್ಯಾಂಟಿನ ಗುಂಡಿ ಎಣಿಸ್ತಿದ್ದೆ. ಆಮೇಲೆ ತುಂಬಾ ಚೆನ್ನಾಗಿದೆ ಅಂದೆ. ಅದಕ್ಕೇ ಕಣಪ್ಪ."