ಹನುಮಯ್ಯನ ಕಾರಿನ ಅಡ್ಡಕಂಬಿ

ನನ್ನ ಭಾವ ಹನುಮಯ್ಯನಿಗೆ ದೇವರು ಎರಡು ಹುಚ್ಚು ಕೊಟ್ಟಿದ್ದ. ಒಂದು ನಮ್ಮಕ್ಕ ಪಾಪಮ್ಮ, ಇನ್ನೊಂದು ಒಂದು ಹಳೆಯ ಕರಿ ಕಾರು. ಯಾವುದು ಮೊದಲಿನದು ಎಂದು ಅಕ್ಕ ಇವತ್ತಿಗೂ ಕೇಳುತ್ತಾಳೆ, ಭಾವ ಇವತ್ತಿಗೂ ಕೆಮ್ಮುತ್ತಾನೆ.

ಭಾವ ನಾಯಂಡಹಳ್ಳಿಯವನು, ನಮ್ಮವ್ವ ಮುನಿತಾಯಮ್ಮನ ಅಣ್ಣನ ಮಗ. ನಾವು ಕೆಂಗೇರಿಯವರು. ಯಾವನೋ ಇಂಗ್ಲಿಷ್ ದೊರೆ ಬಿಟ್ಟುಹೋದ ಕಾರನ್ನು ಭಾವ ಕೊಂಡು ಮೈಸೂರು ರಸ್ತೆಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದ. ಓಡುವುದೇನೋ ಓಡುತ್ತಿತ್ತು, ತಿರುವು ಬಂದರೆ ಮಾತ್ರ ಹೆಂಡ ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಒಮ್ಮೆ ನಮ್ಮವ್ವ ಅದರಲ್ಲಿ ಸಂತೆಗೆ ಹೊರಟು, ಕೆರೆ ಏರಿಯ ತಿರುವಿನಲ್ಲಿ ಬೆಳಗಿನ ಮುದ್ದೆಯನ್ನೆಲ್ಲ ಕಿಟಕಿಯಾಚೆ ಹಾಕಿದ್ದಳು.

ಮೈಸೂರು ರಾಜ್ಯ ದೊಡ್ಡದಾದ ವರ್ಷವೇ ಅಕ್ಕನ ಮದುವೆ ಗೊತ್ತಾಯಿತು. ಅವ್ವ ಅವತ್ತೇ ಗುಡುಗಿದಳು.

“ನನ್ನ ಮಗಳು ಎತ್ತಿನ ಗಾಡೀಲೇ ಬರೋದು ಕಣೋ. ಕಳಸಗಿತ್ತಿ ಕೈಲಿ ತುಂಬಿದ ಕಳಸ ಇರ್ತದೆ. ನಿನ್ನ ಕಾರಲ್ಲಿ ಕೂತ್ರೆ ನೀರೆಲ್ಲ ಚೆಲ್ಲಿ ಬರೀ ತೆಂಗಿನಕಾಯಿ ಉಳೀತದೆ.”

ಕಳಸಗಿತ್ತಿ ಎಂದರೆ ನಾನೇ. ಹೆಣ್ಣಿನ ತಂಗಿ ತುಂಬಿದ ಕಳಸ ಹಿಡಿದು ಅಕ್ಕನ ಜೊತೆಗೇ ಗಂಡಿನ ಮನೆ ಹೊಗಬೇಕು; ದಾರಿಯಲ್ಲಿ ನೀರು ಚೆಲ್ಲಿದರೆ ಅವ್ವನ ಲೆಕ್ಕದಲ್ಲಿ ಅಪಶಕುನ. ಭಾವನ ಮುಖ ಸಣ್ಣದಾಯಿತು. ಹೆಂಡತಿಯನ್ನು ತನ್ನ ಕಾರಿನಲ್ಲೇ ಮನೆ ತುಂಬಿಸಿಕೊಳ್ಳಬೇಕೆಂಬುದು ಅವನ ಬಹುದಿನದ ಆಸೆ. ಪಾಪ, ಅದಕ್ಕಾಗಿಯೇ ಹೊಸ ಹಾರ್ನ್ ಕೂಡ ಹಾಕಿಸಿದ್ದ.

“ಅತ್ತೆ, ಮದುವೆಗೆ ಮುಂಚೆ ಕಳಸ ಇಟ್ಕೊಂಡು ನೀವೇ ಒಂದ್ಸಲ ಕೂತು ನೋಡಿ. ಒಂದು ತೊಟ್ಟು ಚೆಲ್ಲಿದ್ರೂ ಗಾಡೀನೇ ಕಟ್ಟಿಸ್ತೀನಿ.”

“ಆಗ್ಲಿ. ನಾನೂ ನೋಡ್ತೀನಿ ನಿನ್ನ ಕಾರಿನ ಪ್ರತಾಪಾನ.”

ಅಂಥ ಕಾರಿನ ಹಿಂಬದಿಯಲ್ಲಿ, ಎರಡು ಚಕ್ರಗಳ ನಡುವೆ ಅಡ್ಡಲಾಗಿ ಒಂದು ಕಂಬಿ ಇರುತ್ತದೆ. ಕಾರು ಒಂದು ಕಡೆ ವಾಲಹೊರಟರೆ ಅದು ತಿರುಚಿಕೊಂಡು, ಹಿಡಿದೆಳೆದು ನೆಟ್ಟಗೆ ಮಾಡುತ್ತದೆ. ಭಾವನ ಕಾರಿನಲ್ಲಿ ಅದು ಮೊದಲೇ ತೆಳು, ಮೇಲೆ ತುಕ್ಕು ತಿಂದಿತ್ತು. ಭಾವ ಅದನ್ನು ಬಿಚ್ಚಿಕೊಂಡು ಕಮ್ಮಾರ ಮರಿಯಪ್ಪನ ಕುಲುಮೆಗೆ ಹೋದ.

“ಇದೇನ್ ಕಂಬಿನೋ, ಹಲ್ಲುಜ್ಜೋ ಬೇವಿನ ಕಡ್ಡಿನೋ?” ಎಂದು ಮರಿಯಪ್ಪ ನಕ್ಕ. ಜೀವಮಾನವೆಲ್ಲ ಎತ್ತಿನ ಗಾಡಿಗೆ ಕೆಲಸ ಮಾಡಿದವನು. ಗಾಡಿಗೆ ದಪ್ಪವೇ ದೇವರು. ಮುರಿದ ಗಾಡಿಯ ಇರುಸನ್ನೇ, ಅಂದರೆ ಚಕ್ರ ತಿರುಗುವ ಕಬ್ಬಿಣದ ಅಚ್ಚನ್ನೇ, ಕಾಯಿಸಿ, ಬಡಿದು, ಬಗ್ಗಿಸಿ ಮುಂಗೈ ಗಾತ್ರದ ಕಂಬಿ ಮಾಡಿಕೊಟ್ಟ. ಇಬ್ಬರೂ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾರಿಗೆ ಬಿಗಿದು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಕೆಂಗೇರಿಯತ್ತ ಹೊರಟರು.

ಕಾರು ವಾಲಲಿಲ್ಲ, ಅದು ನಿಜ. ಏರಿಯ ತಿರುವಿನಲ್ಲಿ ಮುಂಭಾಗ ರಸ್ತೆಯಲ್ಲೇ ಇತ್ತು. ಹಿಂಭಾಗ ಮಾತ್ರ, ಬಾಗಲೊಲ್ಲದ ಕಂಬಿಯ ಬಿಗಿತಕ್ಕೆ ನೆಲದ ಹಿಡಿತ ತಪ್ಪಿ, ಜಾರಿ ತನ್ನ ದಾರಿ ತಾನು ನೋಡಿಕೊಂಡಿತು. ಗಿರ್ರನೆ ಸುತ್ತಿ ರಸ್ತೆ ಪಕ್ಕದ ನಮ್ಮ ಕಣಕ್ಕೇ ನುಗ್ಗಿ ಹುಲ್ಲಿನ ಮೆದೆಯಲ್ಲಿ ಹೂತುಕೊಂಡಿತು. ಮರಿಯಪ್ಪ ತಲೆತುಂಬ ಹುಲ್ಲು ಸಿಕ್ಕಿಸಿಕೊಂಡು ಇಳಿದು, “ಸುತ್ತುವಾಗ್ಲೂ ನೆಟ್ಟಗೇ ಇತ್ತಲ್ಲಪ್ಪಾ!” ಎಂದ. ಕಣದಲ್ಲಿದ್ದ ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ನಗಲಿಲ್ಲ. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿಸಲು ಹೇಳಿಕಳಿಸಿದಳು.

ಅತಿಯಾದರೆ ಅಮೃತವೂ ವಿಷ. ಭಾವ ಇರುಸಿನ ಕಂಬಿಯನ್ನು ಕಿತ್ತೆಸೆದು, ಗುಜರಿಯಿಂದ ಹೆಬ್ಬೆರಳ ಗಾತ್ರದ ಉಕ್ಕಿನ ಸರಳು ಹುಡುಕಿ ತಂದ. ಮರಿಯಪ್ಪ ಈ ಸಲ ಗೊಣಗುತ್ತಲೇ ಅದನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಬಾಗಿದರೂ ಮತ್ತೆ ನೆಟ್ಟಗಾಗುವ ಹದಕ್ಕೆ ತಂದ. ಕಂಬಿ ಕೂರುವ ಕಡೆ ಹಳೆಯ ಟಯರಿನ ರಬ್ಬರು ಕತ್ತರಿಸಿ ಇಟ್ಟರು.

ಪರೀಕ್ಷೆಯ ದಿನ ಅವ್ವ ಕಳಸಕ್ಕೆ ಕಂಠಮಟ್ಟ ನೀರು ತುಂಬಿ, ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಸಾಕ್ಷಿಗೆ ಪಕ್ಕದಲ್ಲಿ ನಾನು. ಮೊದಲ ತಿರುವಿನಲ್ಲಿ ನೀರು ಅಂಚಿನವರೆಗೆ ಬಂದು ಹಿಂದಕ್ಕೆ ಹೋಯಿತು. ಅವ್ವನ ಹುಬ್ಬು ಮೇಲೇರಿತು. ಏರಿಯ ತಿರುವನ್ನೂ ಕಾರು ಸಲೀಸಾಗಿ ದಾಟಿದಾಗ ಅವಳ ಕಣ್ಣು ಕಳಸದ ಮೇಲಿರಲಿಲ್ಲ, ಮುಂದೆ ಹೋಗುತ್ತಿದ್ದ ಬಸ್ಸಿನ ಮೇಲಿತ್ತು.

“ಅದನ್ನ ಹಿಂದಕ್ಕೆ ಹಾಕೋ! ಬಿಡೋ ಜೋರಾಗಿ!”

ಬಸ್ಸು ಹಿಂದೆ ಬಿದ್ದದ್ದೇ ತಡ, ಅವ್ವ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ಕಳಸ ಉರುಳಿ ಅವಳ ಸೀರೆ, ನನ್ನ ಲಂಗ ಎಲ್ಲ ತೊಯ್ದುಹೋಯಿತು.

ಭಾವ ಕಾರು ನಿಲ್ಲಿಸಿದ. ತಿರುಗಿ ಕೂಡ ನೋಡಲಿಲ್ಲ. “ಗಾಡೀನೇ ಕಟ್ಟಿಸ್ತೀನಿ ಅತ್ತೆ” ಎಂದ. ಆ ದನಿ ಕೇಳಿ ನನಗೇ ಅಳು ಬಂತು.

“ಯಾಕೋ? ಚೆಲ್ಲಿದ್ದು ನಾನು, ನಿನ್ನ ಕಾರಲ್ಲ” ಎಂದಳು ಅವ್ವ, ಸೆರಗು ಹಿಂಡುತ್ತಾ. “ಮದುವೆಗೆ ಕಾರೇ ಬರ್ಲಿ. ಮೊದ್ಲು ನಡಿ, ಬಸ್ಸು ಮತ್ತೆ ಮುಂದೆ ಹೋಯ್ತದೆ!”

ಮದುವೆ ಮುಗಿಸಿ ಭಾವ ಹಣೆಗೆ ಬಾಸಿಂಗ ಕಟ್ಟಿಕೊಂಡೇ ಕಾರು ಓಡಿಸಿದ. ಪಕ್ಕದಲ್ಲಿ ಅಕ್ಕ, ಹಿಂದೆ ಕಳಸ ಹಿಡಿದ ನಾನು. ಒಂದು ತೊಟ್ಟೂ ಚೆಲ್ಲಲಿಲ್ಲ. ನಾಯಂಡಹಳ್ಳಿಯ ಮನೆ ಬಾಗಿಲಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು ಕಾದಿದ್ದರು. ಅಕ್ಕ ಇಳಿಯಲಿಲ್ಲ. ಮದುವೆ ಗೊತ್ತಾದಂದಿನಿಂದ ನಾಚಿಕೆಗೆ ಭಾವನೆದುರು ತುಟಿ ಬಿಚ್ಚದಿದ್ದವಳು, ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೇಳಿದಳು.

“ಆ ಏರಿ ತಿರುವು... ಇನ್ನೊಂದ್ಸಲ ಹೋಗಿ ಬರಾನ್ವಾ?”

ಆರತಿ ಹಿಡಿದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಭಾವ ಹಾರ್ನ್ ಬಾರಿಸಿ ಕಾರು ತಿರುಗಿಸಿಯೇಬಿಟ್ಟ.